ಕಷಾಯದಿಂದ ಶುರುವಾಗಿ ಆಕ್ಸಿಮೀಟರ್ ತನಕ

ಬೆಳಿಗ್ಗೆ 6.10ಕ್ಕೆ ನಮ್ಮ ‘ಹಳೇಮನೆ’ ವಾಟ್ಸಾಪ್ ಗುಂಪಿಗೆ ಸುಬ್ಬಣ್ಣ ಫಾರ್ವರ್ಡ್ ಹಾಕಿದ. “ಎಚ್ಚರ! ರೋಗ ತಡೆಯುವ ಶಕ್ತಿ ಜಾಸ್ತಿ ಆದರೂ ಸಾವು!! ಕಷಾಯ ಕುಡಿಯುವವರು ಓದಲೇಬೇಕು.” ಕೆಳಗೆ ಅವನದೇ ಸಾಲು: “ಅತ್ತೆ, ಇನ್ನು ಕಷಾಯದ ಪಾತ್ರೆ ಅಟ್ಟಕ್ಕೆ.”

ಅತ್ತೆ: ನಲವತ್ತು ವರ್ಷದಿಂದ ಕುಡಿಯುತ್ತಿದ್ದೇನೆ. ಇನ್ನೂ ಇದ್ದೇನಲ್ಲ.

ರಾಘು: ಯಾರು ಹೇಳಿದ್ದು? ಮೂಲ ಎಲ್ಲಿ?

ಸುಬ್ಬಣ್ಣ: ಬೆಂಗಳೂರಿಗೆ ಹೋದವರಿಗೆ ಎಲ್ಲದಕ್ಕೂ ಮೂಲ ಬೇಕು. ಮೂಲಮನೆಗೆ ಮಾತ್ರ ಬರುವುದಿಲ್ಲ.

ದೊಡ್ಡಪ್ಪ: ಅತಿಯಾದರೆ ಅಮೃತವೂ ವಿಷ. ನಮ್ಮ ಕಾಲದಲ್ಲಿ ಎಲ್ಲ ಹಿತಮಿತ ಇತ್ತು.

ನಾನು: ಸುಬ್ಬಣ್ಣ, ಅರ್ಧ ನಿಜ. ಇದಕ್ಕೆ ಸೈಟೊಕೈನ್ ಸ್ಟಾರ್ಮ್ ಅಂತಾರೆ. ವೈರಸ್‌ನಿಂದ ನ್ಯುಮೋನಿಯಾ ಜೋರಾದಾಗ ಕೆಲವರ ಮೈಯ ಕಾವಲು ವ್ಯವಸ್ಥೆ ಲಗಾಮು ತಪ್ಪುತ್ತದೆ, ಇಂಟರ್‌ಲ್ಯೂಕಿನ್-6 ತರಹದ ಪ್ರೋಟೀನು ರಕ್ತದಲ್ಲಿ ಏರುತ್ತದೆ, ಸಣ್ಣ ರಕ್ತನಾಳಗಳು ಸೋರಿ ಶ್ವಾಸಕೋಶದ ಗಾಳಿಚೀಲದಲ್ಲಿ ನೀರು ತುಂಬುತ್ತದೆ. ಜೀರಿಗೆ ಕಷಾಯಕ್ಕೂ ಇದಕ್ಕೂ ಗಂಟು ಹಾಕಬೇಡ. 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಅನ್ನೋ ಔಷಧ ಪ್ರಯೋಗದಲ್ಲಿ ಕೋವಿಡ್ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಅನ್ನೋ ಅಗ್ಗದ ಸ್ಟೀರಾಯ್ಡ್ ದಿನಕ್ಕೆ 6 ಮಿಲಿಗ್ರಾಂ ಕೊಟ್ಟರು. ವೆಂಟಿಲೇಟರ್‌ನಲ್ಲಿದ್ದವರ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ಆಕ್ಸಿಜನ್ ಬೇಡದವರಿಗೆ ಏನೂ ಲಾಭ ಕಾಣಲಿಲ್ಲ.

ಸುಬ್ಬಣ್ಣ: ಹಾಗಾದ್ರೆ ಜ್ವರ ಬಂದ ಕೂಡಲೇ ಆ ಮಾತ್ರೆ ನುಂಗಿದರಾಯ್ತು ಅಲ್ವಾ?

ನಾನು: ಅಯ್ಯೋ, ಕೊನೇ ಸಾಲು ಓದು! ಸುಮ್ನೆ ನುಂಗಿದರೆ ಸಕ್ಕರೆ ಏರುತ್ತದೆ. 2021ರಲ್ಲಿ ಕೋವಿಡ್ ಬಂದವರಿಗೆ ಕಪ್ಪು ಶಿಲೀಂಧ್ರ (ಬ್ಲ್ಯಾಕ್ ಫಂಗಸ್) ರೋಗ ಯಾಕೆ ಬಂತು ಅಂದ್ಕೊಂಡೆ? ಸಕ್ಕರೆ ಕಾಯಿಲೆ, ಅದರ ಮೇಲೆ ಸ್ಟೀರಾಯ್ಡ್.

ವೀಣಾ: ಕಷಾಯ ಅಂದ್ರೆ ಅಮ್ಮಮ್ಮನದು. ಮಳೆಗಾಲ, ಬಚ್ಚಲ ಒಲೆ, ಕೆಂಡದಲ್ಲಿ ಸುಟ್ಟ ಹಲಸಿನ ಬೀಜ. ಆ ಹಿತ್ತಾಳೆ ಚೊಂಬು ಈಗ ಯಾರ ಮನೆಯಲ್ಲಿದೆ?

(ಯಾರೂ ಉತ್ತರಿಸಲಿಲ್ಲ. ಎಲ್ಲರಿಗೂ ಗೊತ್ತು.)

ರಾಘು: ನೀನೇನು ಡಾಕ್ಟರಾ?

ಸಿಟ್ಟು ನೆತ್ತಿಗೇರಿತು. ಬರೆದೆ: ಡಾಕ್ಟರ್ ಅಲ್ಲ. 2021ರ ಮೇನಲ್ಲಿ ಅಪ್ಪನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ರಾತ್ರಿಯೆಲ್ಲ ಕೂತವಳು. ರಕ್ತದ ಆಕ್ಸಿಜನ್ ಬರೀ 88 ತೋರಿಸುತ್ತಿತ್ತು. ಬೆರಳು ತಣ್ಣಗಿದೆಯೇನೋ ಅಂತ ಉಜ್ಜಿ ಉಜ್ಜಿ ಮತ್ತೆ ಹಾಕಿದರೂ ಅದೇ 88.

ಎರಡು ನಿಮಿಷ ಗುಂಪು ಗಪ್‌ಚಿಪ್. ಅಷ್ಟರಲ್ಲಿ ಅಪ್ಪನಿಂದ ದಾಸವಾಳದ ಚಿತ್ರ ಬಂತು, ‘ಶುಭೋದಯ’ ಅಂತ. ಮೇಲಿನದು ಒಂದನ್ನೂ ಓದಿಲ್ಲ.

ಅತ್ತೆ: ಆ ಆಕ್ಸಿಮೀಟರ್ ನಮ್ಮದು. ಇನ್ನೂ ವಾಪಸ್ ಬಂದಿಲ್ಲ.

ನಾನು: ಆಗಲೇ ಸುಬ್ಬಣ್ಣನ ಕೈಯಲ್ಲಿ ಕಳಿಸಿದ್ದೆ ಅತ್ತೆ.

ಅತ್ತೆ: ಸುಬ್ಬಾ?

ನೀಲಿ ಗೆರೆ ಬಿತ್ತು. ‘ಟೈಪಿಂಗ್’ ಅಂತ ಬಂತು, ಹೋಯಿತು, ಮತ್ತೆ ಬಂತು.

ಸುಬ್ಬಣ್ಣ: ಶನಿವಾರ ಶಿರಸಿ ಪೇಟೆಗೆ ಬರುವಾಗ ತರುತ್ತೇನೆ.

ಅತ್ತೆ: ಸೆಲ್ ತೆಗೆದಿಟ್ಟಿದ್ದೀಯಾ?