ಬ್ಯಾಟರಿ ಕಾರ್ಖಾನೆಯಲ್ಲಿ ಸೀಸ ಮೈಗೆ ಸೇರುತ್ತಿದ್ದುದು ಬಾಯಿಂದಲೋ, ಉಸಿರಿನಿಂದಲೋ?

ಪ್ರಶ್ನೆ:
ಹಳೆಯ ಬ್ಯಾಟರಿ ಕಾರ್ಖಾನೆಗಳ ಬಗ್ಗೆ ಓದುವಾಗ, ಊಟಕ್ಕೆ ಮುಂಚೆ ಕೈ ತೊಳೆಯಬೇಕು, ಉಗುರು ಉಜ್ಜಬೇಕು ಎಂಬ ಕಟ್ಟಳೆಗಳೇ ಹೆಚ್ಚಾಗಿ ಕಾಣುತ್ತವೆ. ನನ್ನ ತಂದೆಯವರು ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಪಾಳಿ ಮುಗಿದ ಮೇಲೆ ಒಂದು ಉಂಡೆ ಬೆಲ್ಲವನ್ನೂ ಕೊಡುತ್ತಿದ್ದರು. ಇಷ್ಟು ಎಚ್ಚರಿಕೆ ಇದ್ದರೂ ಕೆಲಸಗಾರರಿಗೆ ಸೀಸದ ವಿಷ ಏರುತ್ತಿದ್ದುದು ಹೇಗೆ?

ಉತ್ತರ 1:
1859ರಲ್ಲಿ ಫ್ರಾನ್ಸಿನ ವಿಜ್ಞಾನಿ ಪ್ಲಾಂಟೆ ರೂಪಿಸಿದ ಬ್ಯಾಟರಿಯಲ್ಲಿ ಇದ್ದದ್ದು ಬರಿಯ ಸೀಸದ ತಗಡು. 1881ರಲ್ಲಿ ಫೋರ್ ಎಂಬಾತ ಸೀಸದ ಆಕ್ಸೈಡಿನ ಪುಡಿಯನ್ನು ಕಲಸಿ ಪ್ಲೇಟಿಗೆ ಮೆತ್ತುವ ವಿಧಾನವನ್ನು ತಂದ ಮೇಲೆ ತಯಾರಿಕೆ ಬಹಳ ಚುರುಕಾಯಿತು, ಪುಡಿಯೂ ಕೆಲಸಗಾರರ ಮುಂದೆ ಬಂದು ಕುಳಿತಿತು. ಹಸಿ ಲೇಪ ಗಾಳಿಗೆ ಏಳುವುದಿಲ್ಲ. ಆದರೆ ಅದು ಏಪ್ರನ್ನಿನ ಮಡಿಕೆಯಲ್ಲಿ, ಮೇಜಿನ ಅಂಚಿನಲ್ಲಿ, ನೆಲದ ಬಿರುಕಿನಲ್ಲಿ ಒಣಗಿದ ಮೇಲೆ ಯಾರೋ ಒಬ್ಬರು ಪೊರಕೆ ಆಡಿಸಿದರೆ ಸಾಕು, ಕೋಣೆಯಲ್ಲಿರುವ ಎಲ್ಲರೂ ಅದನ್ನೇ ಉಸಿರಾಡುತ್ತಾರೆ. ಒಣ ಪುಡಿಯನ್ನು ಬೆರೆಸುವವರ ಪಾಡನ್ನಂತೂ ಹೇಳಬೇಕಾಗಿಲ್ಲ.

ಉತ್ತರ 2:
ಬ್ರಿಟನ್ನಿನಲ್ಲಿ ಸೀಸದ ವಿಷವನ್ನು ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕೆಂಬ ಕಾನೂನು 1895ರಲ್ಲಿ ಬಂದಿತು. 1898ರಲ್ಲಿ ಕಾರ್ಖಾನೆಗಳ ಮೊದಲ ವೈದ್ಯಕೀಯ ಇನ್‌ಸ್ಪೆಕ್ಟರ್ ಆದ ಥಾಮಸ್ ಲೆಗ್ ಅವರು, ಕಾರ್ಖಾನೆಯ ಸೀಸದ ವಿಷಕ್ಕೆ ಬಹುಮಟ್ಟಿಗೆ ಧೂಳು ಮತ್ತು ಹೊಗೆಯ ಉಸಿರಾಟವೇ ಮೂಲ ಎಂದೂ, ಮಾಲೀಕರು ತಮ್ಮ ಪಾಲಿನ ಕೆಲಸವನ್ನು ಮಾಡದ ಹೊರತು ಕೆಲಸಗಾರ ತಾನಾಗಿ ಹೆಚ್ಚೇನೂ ಮಾಡಲಾರ ಎಂದೂ ಖಂಡಿತವಾಗಿ ಹೇಳಿದರು. 1903ರ ಬ್ಯಾಟರಿ ತಯಾರಿಕೆಯ ನಿಯಮಗಳಲ್ಲಿ ಕೈ ತೊಳೆಯುವುದರ ಜೊತೆಗೆ ಧೂಳನ್ನು ಎಳೆದೊಯ್ಯುವ ಫ್ಯಾನು, ಸದಾ ತೇವವಾಗಿರಬೇಕಾದ ಸಿಮೆಂಟ್ ನೆಲ, ತಿಂಗಳಿಗೊಮ್ಮೆ ವೈದ್ಯರ ತಪಾಸಣೆ ಇವೂ ಸೇರಿದ್ದವು. ಕೈ ತೊಳೆಯುವುದು ಬೇಡವೆಂದಲ್ಲ. ಆದರೆ ಅದಕ್ಕೆ ಖರ್ಚು ಕಡಿಮೆ, ಮೇಲಾಗಿ ತಪ್ಪಾದರೆ ಹೊಣೆ ಕೆಲಸಗಾರನ ತಲೆಗೆ ಬೀಳುತ್ತದೆ. ಅಮೆರಿಕದಲ್ಲಿ 1914ರ ಸುಮಾರಿಗೆ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಬ್ಯಾಟರಿ ಕಾರ್ಖಾನೆಗಳನ್ನು ಪರಿಶೀಲಿಸಿದಾಗ ಅಲ್ಲಿನ ಸ್ಥಿತಿ ಬ್ರಿಟನ್ನಿಗಿಂತ ಕೆಟ್ಟದ್ದಾಗಿತ್ತು.

ಉತ್ತರ 3:
ಬೆಲ್ಲದ ವಿಷಯಕ್ಕೆ ಬರುವುದಾದರೆ, ಶ್ವಾಸಕೋಶದ ಮೂಲಕ ರಕ್ತಕ್ಕೆ ಸೇರಿ ಎಲುಬಿನಲ್ಲಿ ನೆಲೆಯೂರಿದ ಸೀಸವನ್ನು ಬೆಲ್ಲವಾಗಲಿ ಹಾಲಾಗಲಿ ಹೊರತರಲಾರದು. ಒಸಡಿನ ಅಂಚಿನಲ್ಲಿ ನೀಲಿ ಗೆರೆ, ತಡೆಯಲಾರದ ಹೊಟ್ಟೆನುಲಿತ, ಕೈ ಚಾಚಿದರೆ ಮಣಿಕಟ್ಟು ಜೋತುಬೀಳುವುದು, ಇವು ಆ ಕಾಲದ ವೈದ್ಯರು ಹುಡುಕುತ್ತಿದ್ದ ಗುರುತುಗಳು. ತಮ್ಮ ತಂದೆಯವರ ಕೆಲಸದ ಬಟ್ಟೆಯನ್ನು ಎಲ್ಲಿ ಒಗೆಯುತ್ತಿದ್ದರು?

ಪ್ರಶ್ನೆ ಕೇಳಿದವರು:
ಮನೆಯಲ್ಲೇ. ಅಮ್ಮ ಮೊದಲು ಹಿತ್ತಲಿನಲ್ಲಿ ಚೆನ್ನಾಗಿ ಕೊಡವಿ, ಆಮೇಲೆ ನೆನೆಹಾಕುತ್ತಿದ್ದರು.