ವರ್ಷವಿಡೀ ಪತಂಗಗಳ ಫೋಟೊ ತೆಗೆದು ಹೆಸರು ಪತ್ತೆ ಮಾಡುವುದು ಹೇಗೆ?

ಪ್ರಶ್ನೆ, ಶಿರಸಿಯಿಂದ:
ನಮ್ಮ ಮನೆ ಅಡಿಕೆ ತೋಟದ ಅಂಚಿನಲ್ಲಿದೆ. ಮುಂದಿನ ಯುಗಾದಿಯವರೆಗೆ ಮನೆಯ ಸುತ್ತ ಕಾಣುವ ಪತಂಗಗಳ ಫೋಟೊ ತೆಗೆದು ಹೆಸರು ಹುಡುಕಬೇಕೆಂದಿದ್ದೇನೆ. ಜಗಲಿಯ ದೀಪಕ್ಕೆ ಬರುವವು ನೂರಾರು, ಹೆಸರು ಸಿಗುವವು ಬೆರಳೆಣಿಕೆಯಷ್ಟು. ಅನುಭವ ಇರುವವರು ದಯವಿಟ್ಟು ತಿಳಿಸಿ.

ಸಿದ್ದಾಪುರದಿಂದ:
ಮಾಡಿನ ಕೆಳಗೆ ಬಿಳಿ ಪಂಚೆಯನ್ನು ಬಿಗಿಯಾಗಿ ಕಟ್ಟಿ. ಎಲ್‌ಇಡಿ ಬಲ್ಬಿಗೆ ಬರುವುದು ಕಡಿಮೆ. ನೇರಳಾತೀತ ಬೆಳಕಿನ ಟ್ಯೂಬ್ ಹಾಕಿದರೆ ವ್ಯತ್ಯಾಸ ಅಂದೇ ಕಾಣುತ್ತದೆ. ಆ ಬೆಳಕನ್ನು ಮಾತ್ರ ನೇರವಾಗಿ ನೋಡಬಾರದು. ಹುಣ್ಣಿಮೆಯ ಆಸುಪಾಸು ಬಿಟ್ಟು ಅಮಾವಾಸ್ಯೆಯ ಕಡೆಯ ರಾತ್ರಿಗಳನ್ನು ಆರಿಸಿಕೊಳ್ಳಿ. ಮೃಗಶಿರಾ, ಆರಿದ್ರಾ ಮಳೆಗಳು ಒಂದಿಷ್ಟು ಬಿಡುವು ಕೊಟ್ಟು, ಗಾಳಿ ನಿಂತು, ಸೆಕೆ ಏರಿದ ರಾತ್ರಿ ಸಿಕ್ಕರೆ ನಿದ್ದೆ ಬಿಡಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಮುಸ್ಸಂಜೆಗೆ ಬರುವವು ಬೇರೆ, ನಡುರಾತ್ರಿಯ ನಂತರ ಬರುವವು ಬೇರೆ, ಆದ್ದರಿಂದ ಫೋಟೊ ಜೊತೆ ಹೊತ್ತನ್ನೂ ಬರೆದಿಡಿ.

ಒಂದು ಕಳಕಳಿಯ ಮಾತು: ದೀಪವನ್ನು ಬೆಳಗಿನವರೆಗೆ ಉರಿಸಬೇಡಿ. ಬೆಳಕು ಹರಿಯುತ್ತಲೇ ಮಡಿವಾಳ ಹಕ್ಕಿಗಳು ಬಂದು ಬಟ್ಟೆಯ ಮೇಲೆ ಕುಳಿತವನ್ನೆಲ್ಲ ಹೆಕ್ಕಿಬಿಡುತ್ತವೆ. ಅಟ್ಲಾಸ್ ಪತಂಗದಂಥವಕ್ಕೆ ಉಣ್ಣಲು ಬಾಯಿಯೇ ಇಲ್ಲ. ಹುಳುವಾಗಿದ್ದಾಗ ತಿಂದ ಬಲದಲ್ಲೇ ಕೆಲವು ದಿನ ಬದುಕಿ, ಜೋಡಿ ಹುಡುಕಿ, ಮೊಟ್ಟೆ ಇಡಬೇಕು. ಅವುಗಳ ಒಂದು ರಾತ್ರಿಯನ್ನು ನಮ್ಮ ಬಲ್ಬಿನ ಸುತ್ತ ಕಳೆಸುವುದು ಅನ್ಯಾಯ. ಫೋಟೊ ಆದೊಡನೆ ದೀಪ ಆರಿಸಿ.

ಕಾರವಾರದಿಂದ:
ನನ್ನ ಮಟ್ಟಿಗೆ ದೀಪಕ್ಕಿಂತ ಗಿಡವೇ ದೊಡ್ಡ ಗುರು. ದೀಪಕ್ಕೆ ಬಂದ ಪತಂಗ ತನ್ನ ಊಟವೇನೆಂದು ಹೇಳುವುದಿಲ್ಲ. ಗಿಡದ ಮೇಲಿನ ಹುಳು ಹೇಳುತ್ತದೆ, ಮತ್ತು ಹೆಸರಿನ ಅರ್ಧ ದಾರಿ ಅಲ್ಲಿಗೇ ಸವೆಯುತ್ತದೆ. ಅಂಗಳದ ನಂದಿಬಟ್ಟಲಿನಲ್ಲೋ ಕಣಗಿಲೆಯಲ್ಲೋ ತಲೆಯ ಹಿಂದೆ ನೀಲಿ ಕಣ್ಣಿನಂಥ ಮಚ್ಚೆಗಳಿರುವ ದಪ್ಪ ಹಸಿರು ಹುಳು ಕಂಡರೆ ಅದು ಒಲಿಯಾಂಡರ್ ಹಾಕ್‌ಮಾತ್ ಎಂಬ ಪತಂಗದ ಹುಳು, ವೈಜ್ಞಾನಿಕ ಹೆಸರು ಡಾಫ್ನಿಸ್ ನೇರಿಯೈ. ಕೆಸುವಿನ ಎಲೆಯಲ್ಲಿ ಬಾಲಕ್ಕೆ ಕೊಂಬಿರುವ ಹುಳು ಸಿಕ್ಕರೆ ಹಾಕ್‌ಮಾತ್‌ಗಳಲ್ಲೇ ಹಿಪ್ಪೋಟಿಯಾನ್ ಅಥವಾ ಥೆರೆಟ್ರಾ ಎಂಬ ಗುಂಪಿನಲ್ಲಿ ಹುಡುಕಿ. ಅಮೃತಬಳ್ಳಿಯ ಹುಳು ಬೆಳೆದು ಕಿತ್ತಳೆ, ಮೂಸಂಬಿಗೆ ತೂತು ಕೊರೆಯುವ ಯುಡೋಸಿಮಾ ಎಂಬ ಪತಂಗ ಆಗಬಹುದು. ಬಲೆ ಕಟ್ಟಿದ ಡಬ್ಬಿಯಲ್ಲಿ ಅದೇ ಗಿಡದ ಹೊಸ ಎಲೆ ಕೊಡುತ್ತಾ, ತಳಕ್ಕೆ ಒಣಗಿದ ಎಲೆ, ಮಣ್ಣು ಹಾಕಿಟ್ಟು ಸಾಕಿ. ಪತಂಗ ಹೊರಬಂದು ರೆಕ್ಕೆ ಒಣಗಿಸಿಕೊಳ್ಳುವಾಗ ಫೋಟೊ ತೆಗೆದು, ಹುಳು ಸಿಕ್ಕ ಗಿಡದ ಬಳಿಯೇ ಬಿಡಿ. ಕೂದಲುಳ್ಳ ಕಂಬಳಿಹುಳುವನ್ನು ಮಾತ್ರ ಕೈಯಿಂದ ಮುಟ್ಟಬೇಡಿ, ತುರಿಕೆ ಬಹಳ ಹೊತ್ತು ಇಳಿಯುವುದಿಲ್ಲ.

ಈ ದಾರಿಯನ್ನು ತುಳಿದವರು ನಮ್ಮ ಊರಿನವರೇ ಎನ್ನಲು ನನಗೆ ಹೆಮ್ಮೆ. ಅರಣ್ಯ ಇಲಾಖೆಯಲ್ಲಿದ್ದು ಕಾರವಾರದಲ್ಲೇ ನೆಲೆಸಿದ ಟಿ.ಆರ್. ಬೆಲ್ ಉತ್ತರ ಕನ್ನಡದ ಹುಳುಗಳನ್ನು ಸಾಕಿ, ತಿನ್ನುವ ಗಿಡಗಳ ಸಮೇತ ದಾಖಲಿಸಿದರು. ಎಫ್.ಬಿ. ಸ್ಕಾಟ್ ಜೊತೆ ಅವರು ಬರೆದ ಹಾಕ್‌ಮಾತ್‌ಗಳ ಸಂಪುಟ 1937ರಲ್ಲಿ ಪ್ರಕಟವಾಯಿತು. ಇಲ್ಲಿ ಹುಳು ಸಾಕುವವರಿಗೆ ಅದು ಇಂದಿಗೂ ನೆರವಾಗುತ್ತದೆ.

ಕುಮಟಾದಿಂದ:
ಕ್ಯಾಮೆರಾ ಬಗ್ಗೆ ಯಾರೂ ಹೇಳಲಿಲ್ಲ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಅದರ ಬಣ್ಣ ಬದಲಾದಾಗ ಮತ್ತೆ ಬಿಸಿಮಾಡಿ ಒಣಗಿಸಿ. ಮೊಬೈಲ್ ಇದ್ದರೂ ಸಾಕು.

ಯಲ್ಲಾಪುರದಿಂದ:
ಒಂದೇ ಫೋಟೊಗೆ ನಿಲ್ಲಬೇಡಿ. ಮೇಲಿಂದ ಒಂದು, ಪಕ್ಕದಿಂದ ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು. ತಲೆಯ ಮೇಲಿನ ಮೀಸೆ (ಆಂಟೆನಾ) ಗರಿಯಂತೆ ಹರಡಿದೆಯೇ ಎಂದೂ ನೋಡಿ; ಅಟ್ಲಾಸ್‌ನ ಗಂಡಿನಲ್ಲಿ ಅದು ಅಗಲ. ಹಿಂದಿನ ರೆಕ್ಕೆ ಕಾಣುವ ಫೋಟೊ ಸಿಕ್ಕರೆ ಬಿಡಬೇಡಿ. ಯುಡೋಸಿಮಾ ಕುಳಿತಾಗ ಒಣಗಿದ ಎಲೆಯೇ ಸರಿ, ಹಳದಿ-ಕಪ್ಪು ಹಿಂದಿನ ರೆಕ್ಕೆ ಒಳಗೆ ಅಡಗಿರುತ್ತದೆ. ಐನ್ಯಾಚುರಲಿಸ್ಟ್, ಮಾತ್ಸ್ ಆಫ್ ಇಂಡಿಯಾ ತಾಣಗಳಲ್ಲಿ ಹೋಲಿಸಿ ನೋಡಿ, ಆದರೆ ತಂತ್ರಾಂಶ ಮೊದಲು ತೋರಿಸಿದ ಹೆಸರನ್ನು ಹಾಗೆಯೇ ಒಪ್ಪಬೇಡಿ. ಬಹಳಷ್ಟು ಸಣ್ಣ ಪತಂಗಗಳನ್ನು ಒಳಗಿನ ಜನನಾಂಗ ಪರೀಕ್ಷಿಸದೆ ಪ್ರಭೇದದವರೆಗೆ ಹೇಳಲು ಬರುವುದೇ ಇಲ್ಲ. ಕುಟುಂಬಕ್ಕೋ ಕುಲಕ್ಕೋ ನಿಲ್ಲಿಸಿ, ದಿನಾಂಕ, ಸ್ಥಳ, ಗಿಡ ಮೂರನ್ನೂ ಸೇರಿಸಿ ಏರಿಸಿ. ಕಾರವಾರದವರು ಹೇಳಿದ ಗಿಡದ ಟಿಪ್ಪಣಿ ಇದ್ದರೆ ತಜ್ಞರು ಬೇಗ ಉತ್ತರಿಸುತ್ತಾರೆ. ನಿಮ್ಮ ತೋಟದ ಅಂಚಿನ ಬೆಟ್ಟದಲ್ಲಿ ಯಾವ ಯಾವ ಮರಗಳಿವೆ? ಅದನ್ನು ಇಲ್ಲಿ ಬರೆದರೆ ಯಾವ ಹುಳು ಯಾವಾಗ ಹುಡುಕಬೇಕೆಂದು ಸೇರಿ ಹೇಳಬಹುದು.