ಹೊಸ ಕ್ಯಾನಿಸ್ಟರ್ ಹಾಕಿದರೂ ಮಾಸ್ಕ್ ಒಳಗೆ ಅಮೋನಿಯಾ ಘಾಟು

ಐಸ್ ಫಿಟ್ಟರ್: ಮಲ್ಪೆ ಕಡೆ ಒಂದು ಐಸ್ ಪ್ಲಾಂಟ್‌ನಲ್ಲಿ ನನ್ನ ಕೆಲಸ. ಕಂಪ್ರೆಸರ್ ರೂಮಿನಲ್ಲಿ ಅಮೋನಿಯಾ ಲೈನಿನ ವಾಲ್ವ್ ಗ್ಲ್ಯಾಂಡ್ (ವಾಲ್ವ್ ದಂಡದ ಸುತ್ತ ಗ್ಯಾಸ್ ತಡೆಯುವ ಭಾಗ) ಸಣ್ಣಗೆ ಲೀಕ್ ಇದೆ. ಫುಲ್ ಫೇಸ್ ಮಾಸ್ಕ್ ಹಾಕಿ ಒಳಗೆ ಹೋದರೆ 2 ನಿಮಿಷಕ್ಕೆ ಘಾಟು ಹೊಡೆಯುತ್ತದೆ. ಕ್ಯಾನಿಸ್ಟರ್ (ಮಾಸ್ಕಿಗೆ ಸಿಕ್ಕಿಸುವ, ಗಾಳಿ ಸೋಸುವ ಡಬ್ಬಿ) ಹೊಸದು ಹಾಕಿದೆ, ಅದೇ ಕಥೆ. ಗಡ್ಡ ಇಲ್ಲ, ಕನ್ನಡಕವೂ ಇಲ್ಲ.

ಗೇಜ್ ಭಟ್ರು: ಘಾಟು ಬಂದ ಕೂಡಲೇ ಹೊರಗೆ ಬನ್ನಿ. ‘ಇನ್ನೊಂದು ಬೋಲ್ಟ್ ಅಷ್ಟೇ’ ಅಂತ ನಿಲ್ಲಬೇಡಿ. ಕ್ಯಾನಿಸ್ಟರ್ ಪಟ್ಟಿಯ ಬಣ್ಣ ಯಾವುದು? ಅಮೋನಿಯಾಗೆ ಹಸಿರು, ಕೆ ಟೈಪ್. ಕಂದು ಪಟ್ಟಿಯದ್ದು ಥಿನ್ನರ್ ಥರದ ಆವಿಗೆ. ಕೆಲವು ಅಂಗಡಿಯವರು ‘ಎಲ್ಲ ಒಂದೇ’ ಅಂತ ಅದನ್ನೇ ಕೊಟ್ಟುಬಿಡುತ್ತಾರೆ.

ಐಸ್ ಫಿಟ್ಟರ್: ಹಸಿರೇ. ಸೀಲ್ ಒಡೆದದ್ದೂ ನಾನೇ.

ಗೇಜ್ ಭಟ್ರು: ಹಾಗಾದರೆ ಅದನ್ನು ಬಿಡಿ. ಹೊರಗೆ ಒಳ್ಳೆ ಗಾಳಿಯಲ್ಲಿ ನಿಂತು ಮಾಸ್ಕ್ ಹಾಕಿ. ಕ್ಯಾನಿಸ್ಟರ್ ಬಾಯಿಗೆ ಅಂಗೈ ಒತ್ತಿ, ಉಸಿರು ಎಳೆದು 10 ಸೆಕೆಂಡ್ ಹಿಡಿಯಿರಿ. ಅಷ್ಟೂ ಹೊತ್ತು ಮಾಸ್ಕ್ ಮುಖಕ್ಕೆ ಅಂಟಿಕೊಂಡೇ ಇರಬೇಕು.

ಐಸ್ ಫಿಟ್ಟರ್: 3 ಸೆಕೆಂಡಿಗೇ ಸಡಿಲ ಆಯಿತು. ತಲೆಗೆ ಬೈರಾಸು ಸುತ್ತಿಕೊಂಡಿದ್ದೆ. ಇಲ್ಲದಿದ್ದರೆ ಬೆವರು ಕಣ್ಣಿಗೆ ಇಳಿಯುತ್ತದೆ, ಅಲ್ವಾ?

ಗೇಜ್ ಭಟ್ರು: ಮಾರಾಯ್ರೆ, ಇದನ್ನು ಮೊದಲೇ ಹೇಳಬಾರದಾ! ಹಣೆ ಹತ್ತಿರ ರಬ್ಬರ್ ಅಡಿಗೆ ಬಟ್ಟೆಯ ಒಂದು ಅಂಚು ಸಿಕ್ಕಿದರೂ ಸಾಕು. ಬಿಚ್ಚಿ ನೋಡಿ.

ಐಸ್ ಫಿಟ್ಟರ್: ಬಿಚ್ಚಿದೆ. ಈಗ 7-8 ಸೆಕೆಂಡ್ ನಿಲ್ಲುತ್ತದೆ, ಆಮೇಲೆ ಮೆಲ್ಲಗೆ ಬಿಟ್ಟುಕೊಳ್ಳುತ್ತದೆ. ಮುಖದ ಸುತ್ತ ಎಲ್ಲೂ ಗಾಳಿ ನುಗ್ಗಿದ ಹಾಗೆ ಅನಿಸಲಿಲ್ಲ.

ಗೇಜ್ ಭಟ್ರು: ಉಸಿರು ಹೊರಗೆ ಹೋಗುವ ವಾಲ್ವ್‌ನ ಮುಚ್ಚಳ ತೆಗೆಯಿರಿ. ಒಳಗೆ ತೆಳು ರಬ್ಬರ್ ಬಿಲ್ಲೆ ಇರುತ್ತದೆ. ಬೆವರು ಒಣಗಿದ ಉಪ್ಪು ಅಲ್ಲಿ ಕೂತರೆ ಬಿಲ್ಲೆ ಪೂರ್ತಿ ಮುಚ್ಚುವುದಿಲ್ಲ. ನೀವು ಉಸಿರು ಎಳೆದಾಗಲೆಲ್ಲ ಹೊರಗಿನ ಗಾಳಿ ಅಲ್ಲಿಂದಲೇ ಒಳಗೆ ಬರುತ್ತದೆ. ಕ್ಯಾನಿಸ್ಟರ್ ಎಷ್ಟು ಹೊಸದಾದರೇನು!

ಐಸ್ ಫಿಟ್ಟರ್: ಬಿಳಿ ಪುಡಿ, ಜೊತೆಗೆ ಒಂದು ಕೂದಲು! ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು ಒಣಗಿಸಿದೆ. 10 ಸೆಕೆಂಡ್ ಗಟ್ಟಿ ನಿಂತಿತು.

ಗೇಜ್ ಭಟ್ರು: ಬಿಲ್ಲೆ ಸೊಟ್ಟ ಆಗಿದ್ದರೆ ಬದಲಿಸಿ. ಥಿನ್ನರ್ ಮಾತ್ರ ತಾಗಿಸಬೇಡಿ.

ನಿವೃತ್ತ ಫೈರ್‌ಮನ್: ಸಣ್ಣ ಲೀಕಿಗೆ ಇದು ಸರಿ. ಪೈಪ್ ಒಡೆದರೆ ಈ ಮಾಸ್ಕ್ ನಂಬಿ ಹೋಗಬೇಡಿ ತಮ್ಮಾ. ಕ್ಯಾನಿಸ್ಟರ್ ಗಾಳಿಯನ್ನು ಸೋಸುತ್ತದೆ, ಆಮ್ಲಜನಕ ಕೊಡುವುದಿಲ್ಲ. ಅಮೋನಿಯಾ 300 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 300 ಭಾಗ) ಮುಟ್ಟಿದರೆ ಜೀವಕ್ಕೇ ಅಪಾಯ. ಆಗ ಬೆನ್ನಿಗೆ ಸಿಲಿಂಡರ್ ಇರುವ ಸೆಟ್ಟೇ ಬೇಕು. 6 ಲೀಟರ್ ಸಿಲಿಂಡರ್ 300 ಬಾರ್ ಒತ್ತಡಕ್ಕೆ ತುಂಬಿದ್ದರೆ ಸುಮಾರು 1,800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಲೆಕ್ಕ ಹಾಕಿದರೆ 45 ನಿಮಿಷ. ಅದು ಕಾಗದದ ಮೇಲಿನ ಲೆಕ್ಕ. ಸ್ಪ್ಯಾನರ್ ಹಿಡಿದು ಒದ್ದಾಡುವಾಗ ತುಂಬಾ ಬೇಗ ಖಾಲಿಯಾಗುತ್ತದೆ. ಒತ್ತಡ 55 ಬಾರ್ ಹತ್ತಿರ ಇಳಿದಾಗ ಸೆಟ್ಟಿನ ಎಚ್ಚರಿಕೆ ಸೀಟಿ ಹೊಡೆಯುತ್ತದೆ. ಸೀಟಿ ಕೇಳುವ ಮೊದಲೇ ಹೊರಟಿರಬೇಕು. ಮುಖ ಮಾತ್ರ ಅಲ್ಲ, ಮೈಯನ್ನೂ ಮರೆಯಬೇಡಿ, ಅಮೋನಿಯಾಗೆ ನೀರು ಅಂದರೆ ಪ್ರೀತಿ. ಬೆವರಿದ ಕಂಕುಳು, ತೊಡೆಸಂದಿ ಮೊದಲು ಉರಿಯುತ್ತವೆ. ಅದಕ್ಕೇ ಗ್ಯಾಸ್ ಟೈಟ್ ಸೂಟ್.

ಐಸ್ ಫಿಟ್ಟರ್: ಸೆಟ್ ಮತ್ತು ಸೂಟಿನ ರೇಟು ಕೇಳಿ ಮಾಲೀಕರ ಮುಖ ಸಪ್ಪೆ ಆಯಿತು. ಸದ್ಯಕ್ಕೆ ಆ ಲೈನ್ ಬಂದ್ ಮಾಡಿಸಿದ್ದೇನೆ. ಗ್ಯಾಸ್ ಖಾಲಿ ಮಾಡಿಯೇ ಗ್ಲ್ಯಾಂಡ್‌ಗೆ ಕೈ ಹಾಕುತ್ತೇನೆ. ಬೈರಾಸು ಹೊರಗೆ ಗೂಟದಲ್ಲಿದೆ.